ಪ್ಲೇನ್ಸ್‌ಬರೊಗೆ ಹೊಸದಾಗಿ ಬಂದಿದ್ದೇವೆ, ಮಗಳಿಗೆ ಒಂಬತ್ತನೇ ಕ್ಲಾಸ್: ನಾರ್ತ್ ಒಳ್ಳೆಯದಾ, ಸೌತ್ ಒಳ್ಳೆಯದಾ?

ಬೆಣ್ಣೆದೋಸೆ ಊರಿನವಳು (ಪ್ಲೇನ್ಸ್‌ಬರೊ, ನ್ಯೂಜೆರ್ಸಿ)

ಎಲ್ಲರಿಗೂ ನಮಸ್ಕಾರ. ಜುಲೈ ಕೊನೆಯಲ್ಲಿ ದಾವಣಗೆರೆಯಿಂದ ಬಂದೆವು. ನಮ್ಮ ಯಜಮಾನರಿಗೆ ಪ್ರಿನ್ಸ್‌ಟನ್ ಹತ್ತಿರ ಕೆಲಸ, ಎಚ್-1ಬಿ ಕೆಲಸದ ವೀಸಾ. ನಾನು, ಮಗಳು ಅವರ ಅವಲಂಬಿತರ ವೀಸಾ, ಎಚ್-4. ಸದ್ಯಕ್ಕೆ ಎರಡು ಬೆಡ್‌ರೂಮಿನ ಅಪಾರ್ಟ್‌ಮೆಂಟ್‌ನಲ್ಲಿದ್ದೇವೆ. ಮಗಳು ಊರಲ್ಲಿ ಎಂಟನೇ ಕ್ಲಾಸ್ ಮುಗಿಸಿದ್ದಾಳೆ. ಸೆಪ್ಟೆಂಬರ್‌ಗೆ ಇಲ್ಲಿ ಒಂಬತ್ತಕ್ಕೆ ಸೇರಬೇಕು.

ಇಲ್ಲಿ ನಾರ್ತ್, ಸೌತ್ ಅಂತ ಎರಡು ಸರ್ಕಾರಿ ಹೈಸ್ಕೂಲುಗಳಿವೆ. ಯಾರು ಸಿಕ್ಕರೂ ಮೊದಲು ಕೇಳುವುದು, "ಮಗಳು ನಾರ್ತಾ, ಸೌತಾ?" ಅಂತ. ಒಬ್ಬರು ಸೌತ್‌ಗೆ ರ‍್ಯಾಂಕ್ ಜಾಸ್ತಿ ಅನ್ನುತ್ತಾರೆ. ಇನ್ನೊಬ್ಬರು ನಾರ್ತ್ ಇರುವ ಕಡೆ ಮನೆ ತಗೊಳ್ಳಿ ಅನ್ನುತ್ತಾರೆ. ಕೆಳಗಿನ ಮನೆಯವರು, "ಇಲ್ಲಿ ಪರೀಕ್ಷೆಗಳನ್ನೇ ತೆಗೆದು ಹಾಕಿದ್ದಾರೆ, ಈಗಲೇ ಟ್ಯೂಷನ್‌ಗೆ ಸೇರಿಸಿ" ಅಂದರು. ಇದು ನಿಜವಾ? ಗೊತ್ತಿರುವವರು ದಯವಿಟ್ಟು ಹೇಳಿ.

ಇನ್ನೊಂದು ಮಾತು. ಮಗಳು ಊರಲ್ಲಿ ಖೋ-ಖೋ ಆಡುತ್ತಿದ್ದಳು, ತಾಲ್ಲೂಕು ಮಟ್ಟದವರೆಗೂ ಹೋಗಿದ್ದಳು. ಇಲ್ಲಿಗೆ ಬಂದ ಮೇಲೆ ಹೊರಗೆ ಕಾಲಿಡುವುದಿಲ್ಲ. ರಾತ್ರಿ ಹತ್ತೂವರೆಗೆ ಫೋನ್ ಹಿಡಿದು ಗೋಡೆ ಕಡೆ ಮುಖ ಮಾಡಿ ಕೂರುತ್ತಾಳೆ. ಆಗ ಊರಲ್ಲಿ ಬೆಳಗ್ಗೆ ಎಂಟು ಗಂಟೆ, ಗೆಳತಿಯರು ಶಾಲೆಗೆ ಹೊರಡುವ ಹೊತ್ತು. ಅವರು ಹೊರಟ ಮೇಲೆ ದೀಪ ಆರಿಸಿ ಮಲಗುತ್ತಾಳೆ. ನನಗೆ ರ‍್ಯಾಂಕಿಗಿಂತ ಇದೇ ದೊಡ್ಡ ಚಿಂತೆ ಆಗಿದೆ.

ಜಂಕ್ಷನ್ ಅಕ್ಕ (ವೆಸ್ಟ್ ವಿಂಡ್ಸರ್)

ಸ್ವಾಗತ ತಂಗಿ. ನಾನು ಈ ಊರಿಗೆ ಬಂದು 17 ವರ್ಷ ಆಯಿತು. ಇಬ್ಬರು ಮಕ್ಕಳು ಇಲ್ಲೇ ಓದಿದರು. ನಿನ್ನ ಮೊದಲ ಪ್ರಶ್ನೆಗೆ ಉತ್ತರ ಸುಲಭ: ಅದು ನೀನು ಆರಿಸುವ ವಿಷಯವೇ ಅಲ್ಲ. ನಿಮ್ಮ ಮನೆಯ ವಿಳಾಸ ಯಾವ ಶಾಲೆಗೆ ಬರುತ್ತದೋ ಮಗಳು ಅಲ್ಲಿಗೇ ಹೋಗಬೇಕು. ವೆಸ್ಟ್ ವಿಂಡ್ಸರ್ ಮರ್ಸರ್ ಕೌಂಟಿಯಲ್ಲಿದೆ, ಪ್ಲೇನ್ಸ್‌ಬರೊ ಮಿಡ್ಲ್‌ಸೆಕ್ಸ್ ಕೌಂಟಿಯಲ್ಲಿ. ಕೌಂಟಿ ಬೇರೆಯಾದರೂ ಎರಡೂ ಊರು ಸೇರಿ ಒಂದೇ ಸ್ಕೂಲ್ ಡಿಸ್ಟ್ರಿಕ್ಟ್, ಅಂದರೆ ಸರ್ಕಾರಿ ಶಾಲೆಗಳಿಗೆ ಒಂದೇ ಆಡಳಿತ, ಮಾಡಿಕೊಂಡಿವೆ. ಮೊದಲು ಒಂದೇ ಹೈಸ್ಕೂಲ್ ಇತ್ತು. ಮಕ್ಕಳು ಜಾಸ್ತಿ ಆದ ಮೇಲೆ 1997ರಲ್ಲಿ ನಾರ್ತ್ ಶುರುವಾಯಿತು. ಡಿಸ್ಟ್ರಿಕ್ಟ್ ಒಂದೇ, ಅದನ್ನು ನಡೆಸುವ ಬೋರ್ಡ್ ಒಂದೇ. ನಾರ್ತಾ ಸೌತಾ ಅಂತ ನಿದ್ದೆ ಕೆಡಿಸಿಕೊಳ್ಳಬೇಡ.

ಈಗ ಮಾಡಬೇಕಾದ್ದು ಅಡ್ಮಿಷನ್ ಕೆಲಸ. ಬಾಡಿಗೆ ಕರಾರು, ಮಗಳ ಜನ್ಮ ಪ್ರಮಾಣಪತ್ರ, ಹಳೆಯ ಶಾಲೆಯ ಅಂಕಪಟ್ಟಿ, ಲಸಿಕೆ ಪಟ್ಟಿ ಎಲ್ಲ ತೆಗೆದಿಡು. ವೀಸಾ ನೋಡಿ ಶಾಲೆಗೆ ಸೇರಿಸಿಕೊಳ್ಳುವ ಪದ್ಧತಿ ಇಲ್ಲಿ ಇಲ್ಲ. 1982ರಲ್ಲಿ ಸುಪ್ರೀಂ ಕೋರ್ಟ್ ಪ್ಲೈಲರ್ ಪ್ರಕರಣದಲ್ಲಿ ಕೊಟ್ಟ ತೀರ್ಪಿನಿಂದ, ಕಾಗದಪತ್ರ ಇಲ್ಲದ ಮಗುವಿಗೂ ಸರ್ಕಾರಿ ಶಾಲೆಯ ಬಾಗಿಲು ತೆರೆದಿರಬೇಕು. ಫೀಸು ಇಲ್ಲ. ಮನೆ ಹೈಸ್ಕೂಲಿನಿಂದ ಎರಡೂವರೆ ಮೈಲಿಗಿಂತ ದೂರ ಇದ್ದರೆ ನ್ಯೂಜೆರ್ಸಿ ಕಾನೂನಿನ ಪ್ರಕಾರ ಬಸ್ ಕೂಡ ಉಚಿತ.

ಎರಡು ಕಡೆ ನಮ್ಮವರು ಎಡವುತ್ತಾರೆ. ಒಂದು, ಟಿಬಿ ಪರೀಕ್ಷೆ. ಭಾರತದಿಂದ ಬಂದ ಮಕ್ಕಳಿಗೆ ಕೇಳುತ್ತಾರೆ. ಹುಟ್ಟಿದಾಗ ಬಿಸಿಜಿ ಹಾಕಿಸಿದ್ದರೆ ಚರ್ಮದ ಪರೀಕ್ಷೆಯಲ್ಲಿ ಸುಮ್ನೆ ಪಾಸಿಟಿವ್ ಬರಬಹುದು. ಆಮೇಲೆ ಎಕ್ಸ್‌ರೇ, ಓಡಾಟ. ಡಾಕ್ಟರ ಹತ್ತಿರ ರಕ್ತ ಪರೀಕ್ಷೆಯನ್ನೇ ಮಾಡಿ ಅಂತ ಕೇಳು. ಇನ್ನೊಂದು, ಮನೆಯಲ್ಲಿ ಯಾವ ಭಾಷೆ ಮಾತಾಡುತ್ತೀರಿ ಅನ್ನುವ ಅರ್ಜಿ. "ಕನ್ನಡ ಅಂತ ಬರೆದರೆ ಇಂಗ್ಲಿಷ್ ಬರದವರ ಕ್ಲಾಸಿಗೆ ಹಾಕುತ್ತಾರೆ, ಇಂಗ್ಲಿಷ್ ಅಂತ ಬರೀರಿ" ಅನ್ನುವ ಸಲಹೆ ಸಿಗುತ್ತದೆ. ಕೇಳಬೇಡ. ಕನ್ನಡ ಅಂತಲೇ ಬರಿ. ಒಂದು ಚಿಕ್ಕ ಪರೀಕ್ಷೆ ಮಾಡಬಹುದು ಅಷ್ಟೇ. ಇಂಗ್ಲಿಷ್ ಬಂದರೆ ಬಿಡುತ್ತಾರೆ, ಸ್ವಲ್ಪ ಕಷ್ಟ ಇದ್ದರೆ ಸಹಾಯ ಸಿಗುತ್ತದೆ. ಎರಡರಲ್ಲೂ ನಷ್ಟ ಇಲ್ಲ ಅಲ್ವಾ?

ಖೋ-ಖೋ ವಿಷಯ ಓದಿ ಮನಸ್ಸಿಗೆ ನಾಟಿತು. ಅದಕ್ಕೆ ಆಮೇಲೆ ಬರೆಯುತ್ತೇನೆ.

ಲೆಕ್ಕದ ಅಪ್ಪ (ಪ್ಲೇನ್ಸ್‌ಬರೊ)

ಅಕ್ಕ ಹೇಳಿದ ಅರ್ಜಿ ವಿಷಯ ಸರಿ. ಪರೀಕ್ಷೆ ವಿಷಯಕ್ಕೆ ನಾನು ಬರುತ್ತೇನೆ, ಯಾಕೆಂದರೆ ನಾನು ಆಗ ಇಲ್ಲೇ ಇದ್ದೆ.

2015ರ ಅಕ್ಟೋಬರ್‌ನಲ್ಲಿ ನಮ್ಮ ಸೂಪರಿಂಟೆಂಡೆಂಟ್, ಅಂದರೆ ಡಿಸ್ಟ್ರಿಕ್ಟ್‌ನ ಮುಖ್ಯಾಧಿಕಾರಿ, ಡೇವಿಡ್ ಅಡರ್‌ಹೋಲ್ಡ್ ಪೋಷಕರಿಗೆ 16 ಪುಟದ ಪತ್ರ ಬರೆದರು. ಅದರ ಹಿಂದಿನ ಶಾಲಾ ವರ್ಷದಲ್ಲಿ ಮಿಡ್ಲ್ ಸ್ಕೂಲ್, ಹೈಸ್ಕೂಲಿನ 120 ಮಕ್ಕಳಿಗೆ ಮಾನಸಿಕ ಆರೋಗ್ಯದ ತಪಾಸಣೆ ಬೇಕು ಅಂತ ಶಿಫಾರಸು ಆಗಿತ್ತು, 40 ಮಕ್ಕಳು ಆಸ್ಪತ್ರೆ ಸೇರಿದ್ದರು. ಅದಾದ ಮೇಲೆ ಹೈಸ್ಕೂಲಿನ ಮಿಡ್‌ಟರ್ಮ್, ಫೈನಲ್ ಪರೀಕ್ಷೆಗಳು ಹೋದವು. ಹೋಮ್‌ವರ್ಕ್ ಇಲ್ಲದ ಕೆಲವು ರಾತ್ರಿಗಳನ್ನು ಗೊತ್ತು ಮಾಡಿದರು. ನಾಲ್ಕನೇ ಕ್ಲಾಸಿನಿಂದ ಇದ್ದ ಮುಂದುವರಿದ ಗಣಿತದ ತರಗತಿಯನ್ನು ಆರಕ್ಕೆ ತಳ್ಳಿದರು. ಕ್ಲಾಸಿನ ಟೆಸ್ಟ್, ಕ್ವಿಜ್, ಪ್ರಾಜೆಕ್ಟ್ ಎಲ್ಲ ಇದ್ದವು. "ಪರೀಕ್ಷೆಯನ್ನೇ ತೆಗೆದರು" ಅನ್ನುವುದು ಪೂರ್ತಿ ನಿಜವಲ್ಲ.

ಆಗ ಡಿಸ್ಟ್ರಿಕ್ಟ್‌ನಲ್ಲಿ ಸುಮಾರು 9,700 ಮಕ್ಕಳು. ಅವರಲ್ಲಿ ನೂರಕ್ಕೆ 65 ಜನ ಏಷ್ಯನ್ ಮನೆಗಳವರು. ಆ ಗಣಿತದ ತರಗತಿಯಲ್ಲಂತೂ ನೂರಕ್ಕೆ 90. ಹಾಗಾಗಿ ಜಗಳ ಬಣ್ಣದ ಗೆರೆ ಹಿಡಿದು ನಿಂತಿತು. ನ್ಯೂಯಾರ್ಕ್ ಟೈಮ್ಸ್‌ನಲ್ಲೂ ಬಂತು. ನಾವು ಮಕ್ಕಳನ್ನು ಅರೆಯುವವರು, ಅವರು ಓದು ಬೇಡ ಅನ್ನುವವರು, ಹೀಗೆ ಎರಡು ಕಡೆಯೂ ಮಾತಾಯಿತು.

ನಾನು ಆಗಲೂ ವಿರೋಧ ಮಾಡಿದೆ, ಈಗಲೂ ಅದೇ ಅಭಿಪ್ರಾಯ. ನನ್ನ ತಂದೆ ಮಂಡ್ಯದ ಹತ್ತಿರ ಒಂದೂವರೆ ಎಕರೆ ರೈತರು. ಲೆಕ್ಕ ಒಂದು ಬಂದಿತ್ತು ಅಂತ ನಾನು ಇಲ್ಲಿದ್ದೇನೆ. ಇಲ್ಲಿನ ಹಳಬರ ಮಕ್ಕಳಿಗೆ ಅಜ್ಜನ ಮನೆ ಇದೆ, ಪರಿಚಯದ ವಕೀಲರಿದ್ದಾರೆ, ಒಂದು ವರ್ಷ ತಪ್ಪಿದರೆ ಹಿಡಿದುಕೊಳ್ಳುವ ಕೈಗಳಿವೆ. ನಮ್ಮ ಮಕ್ಕಳಿಗೆ ಮಾರ್ಕ್ಸ್ ಕಾರ್ಡ್ ಬಿಟ್ಟರೆ ಬೇರೆ ಆಧಾರ ಏನಿದೆ? ಎಚ್-4 ಮಗುವಿಗೆ 21 ತುಂಬಿದರೆ ಆ ವೀಸಾವೂ ಇಲ್ಲ. ಈ ಹೆದರಿಕೆ ನಮ್ಮ ಹುಚ್ಚಲ್ಲ.

ಗಣಿತದ ಬಗ್ಗೆ ಒಂದು ಮಾತು. ಇಲ್ಲಿ ಒಂದು ವರ್ಷಕ್ಕೆ ಒಂದೇ ಪಾಠ: ಆಲ್ಜೀಬ್ರಾ ಒಂದು, ಜಾಮೆಟ್ರಿ, ಆಲ್ಜೀಬ್ರಾ ಎರಡು, ಪ್ರಿಕ್ಯಾಲ್ಕುಲಸ್, ಕ್ಯಾಲ್ಕುಲಸ್. ನಮ್ಮಲ್ಲಿ ಎಲ್ಲ ಸ್ವಲ್ಪ ಸ್ವಲ್ಪ ಒಟ್ಟಿಗೆ ಕಲಿಸುತ್ತಾರೆ. ಹಾಗಾಗಿ ಮಗಳನ್ನು ಯಾವ ಮೆಟ್ಟಿಲಲ್ಲಿ ನಿಲ್ಲಿಸಬೇಕು ಅಂತ ಕೌನ್ಸೆಲರ್‌ಗೆ ಒಮ್ಮೆಗೇ ಗೊತ್ತಾಗುವುದಿಲ್ಲ. ಪ್ಲೇಸ್‌ಮೆಂಟ್ ಟೆಸ್ಟ್ ಕೇಳಿ. ಊರಿನ ಎಂಟನೇ ಕ್ಲಾಸಿನ ಗಣಿತ ಪುಸ್ತಕ ಇದ್ದರೆ ಕೈಯಲ್ಲಿ ತಗೊಂಡು ಹೋಗಿ ತೋರಿಸಿ.

ಹೆಸರು ಬೇಡ

ಈ ಊರಿನವಳಲ್ಲ, ಇನ್ನೊಂದು ರಾಜ್ಯದವಳು. ಶಾಲೆ ಯಾವುದು ಅಂತಲೂ ಹೇಳುವುದಿಲ್ಲ. ಲೆಕ್ಕದ ಅಪ್ಪ ಅವರೇ, ನಿಮ್ಮ ಮಾತು ನನಗೆ ಅರ್ಥವಾಗುತ್ತದೆ. ನಮ್ಮ ಮನೆಯಲ್ಲೂ ಅದೇ ಮಾತಿತ್ತು.

ಮಗ ಹನ್ನೊಂದನೇ ಕ್ಲಾಸಿನಲ್ಲಿದ್ದಾಗ ಆರು ಎಪಿ, ಅಂದರೆ ಕಾಲೇಜು ಮಟ್ಟದ ಪಾಠ, ತಗೊಂಡ. ನಾವು ಹೇಳಲಿಲ್ಲ, ಆದರೆ ಬೇಡ ಅಂತಲೂ ಅನ್ನಲಿಲ್ಲ. ರಾತ್ರಿ ಎರಡಕ್ಕೆ ಅವನ ರೂಮಿನ ಬಾಗಿಲ ಕೆಳಗೆ ಬೆಳಕು ಕಾಣುತ್ತಿತ್ತು. ನಾನು ಹಾಲು ಬಿಸಿ ಮಾಡಿ ಇಟ್ಟು ಬರುತ್ತಿದ್ದೆ, ಓದುತ್ತಿದ್ದಾನೆ ಅಂತ ಹೆಮ್ಮೆ ಪಡುತ್ತಿದ್ದೆ. ಫೆಬ್ರವರಿಯಲ್ಲಿ ಒಂದು ಬೆಳಗ್ಗೆ ಶೂ ಹಾಕಿಕೊಳ್ಳಲು ಮೆಟ್ಟಿಲ ಮೇಲೆ ಕೂತವನು ಏಳಲಿಲ್ಲ. ಒಂದು ಶೂ ಹಾಕಿತ್ತು, ಇನ್ನೊಂದು ಕೈಯಲ್ಲಿತ್ತು. ಬಸ್ ಬಂದು ಹೋಯಿತು. "ಅಮ್ಮಾ, ನನಗೆ ಆಗ್ತಾ ಇಲ್ಲ" ಅಂದ, ಅಷ್ಟೇ. ಅವನು ಹಾಗೆ ಅಂದಿದ್ದಕ್ಕೆ ದೇವರಿಗೆ ಇವತ್ತಿಗೂ ಕೈ ಮುಗಿಯುತ್ತೇನೆ. ಹೇಳದ ಮಕ್ಕಳಿದ್ದಾರೆ.

ಕೌನ್ಸೆಲರ್ ಹತ್ತಿರ ಹೋದೆವು, ಅಲ್ಲಿಂದ ಡಾಕ್ಟರ ಹತ್ತಿರ. ಮೂರು ಎಪಿ ಬಿಟ್ಟ. ಸ್ಟೇಟ್ ಕಾಲೇಜಿನಲ್ಲಿ ಓದಿದ, ಈಗ ಕೆಲಸದಲ್ಲಿದ್ದಾನೆ, ಭಾನುವಾರ ಬಂದು ಬಿಸಿಬೇಳೆಬಾತ್ ತಾನೇ ಮಾಡುತ್ತಾನೆ. ನಾವು ಈ ವಿಷಯ ಊರಲ್ಲಿ ಯಾರಿಗೂ ಹೇಳಿರಲಿಲ್ಲ. ಕನ್ನಡ ಕೂಟದಲ್ಲಿ ಯಾರಾದರೂ ಕೇಳಿದರೆ "ಜ್ವರ" ಅನ್ನುತ್ತಿದ್ದೆ. ಅದೇ ನಾನು ಮಾಡಿದ ತಪ್ಪು. ನಾಲ್ಕು ಮನೆಯ ಆಚೆ ಇನ್ನೊಬ್ಬ ತಾಯಿಯೂ ಅದೇ ವರ್ಷ "ಜ್ವರ" ಅನ್ನುತ್ತಿದ್ದಳು ಅಂತ ಎಷ್ಟೋ ವರ್ಷ ಆದ ಮೇಲೆ ಗೊತ್ತಾಯಿತು.

ಇದನ್ನು ಓದುವ ಮಕ್ಕಳಿದ್ದರೆ: ಮನಸ್ಸು ಕುಸಿದಾಗ ಸಹಾಯಕ್ಕೆ 988 ಅಂತ ಮೂರು ಅಂಕಿ, ಅಮೆರಿಕದಲ್ಲಿ ಎಲ್ಲಿಂದ ಬೇಕಾದರೂ, ಯಾವ ಹೊತ್ತಿಗೆ ಬೇಕಾದರೂ ಕರೆ ಮಾಡಬಹುದು, ಮೆಸೇಜ್ ಕಳಿಸಬಹುದು. ವೀಸಾ ಕೇಳುವುದಿಲ್ಲ.

ಲೆಕ್ಕದ ಅಪ್ಪ (ಪ್ಲೇನ್ಸ್‌ಬರೊ)

ಅಮ್ಮಾ, ಬರೆದಿದ್ದಕ್ಕೆ ಕೃತಜ್ಞತೆ. ಎರಡು ಸಲ ಓದಿದೆ. ಉತ್ತರ ಬರೆಯಲು ಕೂತು ಅಳಿಸಿದೆ. ನನ್ನ ದೊಡ್ಡವಳ ರೂಮಿನ ಬೆಳಕು ನನಗೂ ನೆನಪಿದೆ.

ಕಣಿವೆಯ ಕನ್ನಡಿಗ (ಕ್ಯುಪರ್ಟಿನೊ, ಕ್ಯಾಲಿಫೋರ್ನಿಯಾ)

ಪಶ್ಚಿಮದ ಕರಾವಳಿಯಿಂದ ಒಂದು ಅನುಭವ ಸೇರಿಸುತ್ತೇನೆ. ನಮ್ಮ ಕಡೆ ಮಾಂಟಾ ವಿಸ್ಟಾ, ಲಿನ್‌ಬ್ರೂಕ್ ಅಂತ ಹೈಸ್ಕೂಲುಗಳಿವೆ. ಹೆಸರು ನಮ್ಮವರ ಬಾಯಲ್ಲಿ ಸದಾ ಇರುತ್ತದೆ. ಈ ಶಾಲೆಗಳಿಗಾಗಿಯೇ ಜನ ಇಲ್ಲಿ ಮನೆ ತಗೊಂಡರು, ಮನೆಯ ಬೆಲೆ ಮಿಲಿಯನ್‌ಗಳಿಗೆ ಹೋಯಿತು. ಆಮೇಲೆ ಏನಾಯಿತು ನೋಡಿ. ಚಿಕ್ಕ ಮಕ್ಕಳಿರುವ ಸಂಸಾರಗಳಿಗೆ ಇಲ್ಲಿ ಮನೆ ಕೊಳ್ಳಲು ಆಗದೇ ಹೋಯಿತು. ಪ್ರಾಥಮಿಕ ಶಾಲೆಗಳಲ್ಲಿ ಮಕ್ಕಳು ಕಡಿಮೆಯಾಗುತ್ತಾ ಬಂದು, 2022ರಲ್ಲಿ ಇಲ್ಲಿನ ಎಲಿಮೆಂಟರಿ ಶಾಲೆಗಳಲ್ಲಿ ಎರಡನ್ನು ಮುಚ್ಚಬೇಕಾಯಿತು. ನನ್ನ ಮಗ ಆಡಿದ ಶಾಲೆಯ ಜಾರುಬಂಡೆಯ ಸುತ್ತ ಈಗ ಬೇಲಿ ಇದೆ. ಒಳ್ಳೆಯ ಶಾಲೆ ಬೇಕು ಅಂತ ಎಲ್ಲರೂ ಒಂದೇ ಕಡೆ ಓಡಿದರೆ ಶಾಲೆಯೇ ಬರಿದಾಗುತ್ತದೆ ಅಂತ ನಾವು ಯಾರೂ ಎಣಿಸಿರಲಿಲ್ಲ.

ಇನ್ನೊಂದು ಒಳ್ಳೆಯ ಸುದ್ದಿಯೂ ಇದೆ. ಮಕ್ಕಳ ನಿದ್ದೆಗಾಗಿ ಹೈಸ್ಕೂಲು ಬೆಳಗ್ಗೆ ಎಂಟೂವರೆಗಿಂತ ಮುಂಚೆ ಶುರುವಾಗಬಾರದು ಅಂತ ಇಲ್ಲಿ 2019ರಲ್ಲಿ ಕಾನೂನು ಮಾಡಿದರು. 2022ರಿಂದ ಜಾರಿಯಲ್ಲಿದೆ. ಹಳ್ಳಿ ಕಡೆಯ ಕೆಲವು ಶಾಲೆಗಳಿಗೆ ವಿನಾಯಿತಿ ಇದೆ. ಮಕ್ಕಳ ವೈದ್ಯರ ಸಂಘ 2014ರಲ್ಲೇ ಹೇಳಿತ್ತು. ಮನೆಯಲ್ಲಿ ಬೆಳಗಿನ ಕೂಗಾಟ ಅರ್ಧ ಕಡಿಮೆಯಾಯಿತು.

ಮೆಲೋಫೋನ್ (ಹಳೆಯ ವಿದ್ಯಾರ್ಥಿನಿ)

ನಮಸ್ತೆ ಆಂಟಿ. ನಾನು ಇಲ್ಲಿ ಹುಟ್ಟಿ ಬೆಳೆದವಳು, ಸೆಂಟ್ರಲ್ ಜೆರ್ಸಿಯ ಹೈಸ್ಕೂಲಿನಲ್ಲೇ ಓದಿದ್ದು. ಕನ್ನಡ ಬರೆಯುವುದು ಭಾನುವಾರದ ಕನ್ನಡ ಕಲಿ ತರಗತಿಯಲ್ಲಿ ಕಲಿತೆ, ತಪ್ಪಿದ್ದರೆ ಕ್ಷಮಿಸಿ.

ನಿಮ್ಮ ಮಗಳ ಬಗ್ಗೆ ಮಾತ್ರ ಹೇಳುತ್ತೇನೆ. ಇಲ್ಲಿ ಒಂದು ಕ್ಲಾಸಿನ ಮಕ್ಕಳು ಇಡೀ ದಿನ ಒಟ್ಟಿಗೆ ಕೂರುವುದಿಲ್ಲ. ಗಂಟೆ ಹೊಡೆದ ಕೂಡಲೇ ಪ್ರತಿಯೊಬ್ಬರೂ ಒಂದೊಂದು ದಿಕ್ಕಿಗೆ ಹೋಗುತ್ತಾರೆ. "ನಮ್ಮ ಸೆಕ್ಷನ್" ಅನ್ನುವುದೇ ಇಲ್ಲ. ಹಾಗಾಗಿ ಬರೀ ಕ್ಲಾಸಿನಲ್ಲಿ ಕೂತರೆ ಗೆಳೆಯರು ಆಗುವುದು ಕಷ್ಟ. ಗೆಳೆತನ ಆಗುವುದು ಶಾಲೆ ಬಿಟ್ಟ ಮೇಲೆ, ಮೈದಾನದಲ್ಲಿ, ಬ್ಯಾಂಡ್ ರೂಮಿನಲ್ಲಿ, ನಾಟಕದ ಸ್ಟೇಜಿನ ಹಿಂದೆ.

ನಾನು ಮಾರ್ಚಿಂಗ್ ಬ್ಯಾಂಡ್‌ನಲ್ಲಿ ಮೆಲೋಫೋನ್ ಅನ್ನುವ ಊದುವ ವಾದ್ಯ ನುಡಿಸುತ್ತಿದ್ದೆ. ಆಗಸ್ಟ್ ಬಿಸಿಲಲ್ಲಿ ಪಾರ್ಕಿಂಗ್ ಲಾಟ್‌ನ ಡಾಂಬರಿನ ಮೇಲೆ ಎಂಟು ಹೆಜ್ಜೆಗೆ ಐದು ಗಜ, ಮತ್ತೆ ಎಂಟು ಹೆಜ್ಜೆಗೆ ಐದು ಗಜ, ಅದನ್ನೇ ನೂರು ಸಲ. ಸಂಜೆಗೆ ತುಟಿಯ ಮೇಲೆ ಮೌತ್‌ಪೀಸಿನ ದುಂಡನೆಯ ಗುರುತು. ಅಮ್ಮ ಅದಕ್ಕೆ ತುಪ್ಪ ಹಚ್ಚುತ್ತಿದ್ದಳು. ಶಾಲೆ ಶುರುವಾದ ಮೊದಲ ದಿನ ನನಗೆ ಎಂಬತ್ತು ಜನ ಪರಿಚಯದವರಿದ್ದರು, ಹನ್ನೆರಡನೇ ಕ್ಲಾಸಿನವರೂ ಕಾರಿಡಾರಿನಲ್ಲಿ ಹೆಸರು ಹಿಡಿದು ಕರೆಯುತ್ತಿದ್ದರು.

ಓಡುವ ಹುಡುಗಿ ಅಂದಿರಲ್ಲ, ಕ್ರಾಸ್ ಕಂಟ್ರಿಗೆ ಸೇರಿಸಿ! ಐದು ಕಿಲೋಮೀಟರ್ ಓಟ, ಹುಲ್ಲು, ಮಣ್ಣು, ಗುಡ್ಡ. ಎಷ್ಟೋ ಶಾಲೆಗಳಲ್ಲಿ ಈ ತಂಡಕ್ಕೆ ಆಯ್ಕೆಯ ಗೋಜಿಲ್ಲ, ಬಂದವರನ್ನೆಲ್ಲ ಸೇರಿಸಿಕೊಳ್ಳುತ್ತಾರೆ. ನಿಮ್ಮ ಶಾಲೆಯ ಕೋಚ್‌ಗೆ ಇವತ್ತೇ ಇಮೇಲ್ ಹಾಕಿ, ಅಭ್ಯಾಸ ಆಗಸ್ಟ್‌ನಲ್ಲೇ ಶುರುವಾಗುತ್ತದೆ. ಡಾಕ್ಟರ ಸಹಿ ಇರುವ ಫಿಸಿಕಲ್ ಫಾರ್ಮ್ ಕೊಡದೆ ಮೈದಾನಕ್ಕೆ ಇಳಿಸುವುದಿಲ್ಲ, ಲಸಿಕೆಗೆ ಹೋದಾಗ ಅದನ್ನೂ ಮಾಡಿಸಿಬಿಡಿ.

ಅಂದ ಹಾಗೆ ನಮ್ಮವರು ಆಟಕ್ಕೆ ಮಕ್ಕಳನ್ನು ಕಳಿಸುವುದೇ ಕಡಿಮೆ. 2017ರಲ್ಲಿ ನಾರ್ತ್ ಶಾಲೆಗೆ ವಾರ್ಸಿಟಿ, ಅಂದರೆ ಶಾಲೆಯ ಮುಖ್ಯ, ಅಮೆರಿಕನ್ ಫುಟ್‌ಬಾಲ್ ತಂಡ ಕಟ್ಟಲು ಸಾಕಷ್ಟು ಹುಡುಗರೇ ಸಿಗಲಿಲ್ಲ. ತಲೆಗೆ ಪೆಟ್ಟಾಗುವ ಆಟ, ಭಯ ನನಗೂ ಅರ್ಥವಾಗುತ್ತದೆ. ಆದರೆ ಶುಕ್ರವಾರ ರಾತ್ರಿಯ ಫುಟ್‌ಬಾಲ್ ಅಂದರೆ ಆಟ ಮಾತ್ರ ಅಲ್ಲ. ಬ್ಯಾಂಡ್, ಚಿಯರ್, ಅಕ್ಕಪಕ್ಕದ ತಾತ ಅಜ್ಜಿ, ಲೈಟಿನ ಕೆಳಗೆ ಇಡೀ ಊರು ಅಲ್ಲಿ ಸೇರಿರುತ್ತದೆ. ನಮ್ಮ ಅಪ್ಪ ಮೂರು ವರ್ಷ ಕಾರಲ್ಲಿ ಕೂತು ಲ್ಯಾಪ್‌ಟಾಪ್ ನೋಡುತ್ತಾ ನನ್ನನ್ನು ಕಾಯುತ್ತಿದ್ದರು. ನಾಲ್ಕನೇ ವರ್ಷ ಬೂಸ್ಟರ್ (ನೆರವಿಗೆ ನಿಲ್ಲುವ ಪೋಷಕರ ಗುಂಪು) ಆಂಟಿಯೊಬ್ಬರು ಕಿಟಕಿ ತಟ್ಟಿ, "ಹಾಟ್ ಚಾಕಲೇಟ್ ಸುರಿಯಲು ಒಂದು ಕೈ ಬೇಕು" ಅಂದರು. ಆಮೇಲೆ ಅಪ್ಪ ಒಂದು ಶುಕ್ರವಾರವೂ ತಪ್ಪಿಸಲಿಲ್ಲ. ನಾನು ಕಾಲೇಜಿಗೆ ಹೋದ ಮೇಲೂ ಒಂದು ವರ್ಷ ಹೋದರು.

ಬೆಣ್ಣೆದೋಸೆ ಊರಿನವಳು (ಪ್ಲೇನ್ಸ್‌ಬರೊ)

ಇಷ್ಟು ಜನ ಬರೆದಿದ್ದೀರಿ, ಕಣ್ಣು ತುಂಬಿತು. ಹೆಸರು ಬೇಡ ಅಂದ ಅಕ್ಕನ ಮಾತನ್ನು ಯಜಮಾನರಿಗೂ ಓದಿ ಹೇಳಿದೆ. ಅವರು ಟ್ಯೂಷನ್ ಫಾರ್ಮ್ ತುಂಬಿಸಿಟ್ಟಿದ್ದರು. ಸದ್ಯಕ್ಕೆ ಹಾಗೇ ಮೇಜಿನ ಮೇಲಿದೆ.

ಮಗಳಿಗೆ ಮೆಲೋಫೋನ್ ಬರೆದದ್ದನ್ನು ತೋರಿಸಿದೆ. ಏನೂ ಹೇಳಲಿಲ್ಲ. ಆದರೆ ಬೆಳಗ್ಗೆ ಎದ್ದು ನೋಡಿದರೆ ಊರಿನಿಂದ ತಂದ ಸೂಟ್‌ಕೇಸ್ ಬಿಚ್ಚಿ ಹಳೆಯ ಕ್ಯಾನ್ವಾಸ್ ಶೂ ಹುಡುಕುತ್ತಿದ್ದಳು.

ಜಂಕ್ಷನ್ ಅಕ್ಕ (ವೆಸ್ಟ್ ವಿಂಡ್ಸರ್)

ಆ ಶೂನಲ್ಲಿ ಗುಡ್ಡ ಓಡಿಸಬೇಡ, ಹಿಮ್ಮಡಿ ನೋಯುತ್ತದೆ. ನಮ್ಮ ಚಿಕ್ಕವಳ ಓಟದ ಶೂ ಇದೆ, ಅಳತೆ ಹೇಳು.

ನಾನು ಆಗಲೇ ಹೇಳಬೇಕೆಂದಿದ್ದದ್ದು ಇದು. ನಾವೆಲ್ಲ ಈ ಊರಿಗೆ ಶಾಲೆ ನೋಡಿ ಬಂದವರು. ಆದರೆ ಶಾಲೆಯ ಒಳಗೆ ಎಷ್ಟು ಸಲ ಹೋಗಿದ್ದೇವೆ? ಇಲ್ಲಿ ಸರ್ಕಾರಿ ಶಾಲೆ ನಡೆಯುವುದು ಜಾಸ್ತಿ ಪಾಲು ಊರಿನವರ ಮನೆ ತೆರಿಗೆಯಿಂದ. ನ್ಯೂಜೆರ್ಸಿಯಲ್ಲಿ ಮನೆ ತೆರಿಗೆ 2024ರಲ್ಲಿ ಸರಾಸರಿ ವರ್ಷಕ್ಕೆ 10,000 ಡಾಲರ್ ದಾಟಿತು. ಅದರಲ್ಲಿ ದೊಡ್ಡ ಪಾಲು ಶಾಲೆಗೆ. ಬಾಡಿಗೆಯವರೂ ಕೊಡುತ್ತಾರೆ, ಮಾಲೀಕರು ಬಾಡಿಗೆಯಲ್ಲೇ ಸೇರಿಸಿರುತ್ತಾರೆ. ದೊಡ್ಡ ಖರ್ಚಿಗೆ ಊರಿನವರ ಓಟು ಬೇಕು. 2018ರ ನವೆಂಬರ್‌ನಲ್ಲಿ ನಮ್ಮ ಡಿಸ್ಟ್ರಿಕ್ಟ್‌ನ ಕಟ್ಟಡಗಳಿಗಾಗಿ ಸುಮಾರು 115 ಮಿಲಿಯನ್ ಡಾಲರಿನ ಪ್ರಸ್ತಾಪ ಮತಕ್ಕೆ ಬಂದು ಪಾಸಾಯಿತು. ಎಲ್ಲವನ್ನೂ ನೋಡಿಕೊಳ್ಳುವುದು ಊರಿನವರೇ ಆರಿಸಿದ ಬೋರ್ಡ್. ಮೂರು ವರ್ಷದ ಅವಧಿ, ಒಂದು ಡಾಲರ್ ಸಂಬಳ ಇಲ್ಲ. ಹಗಲು ಕೆಲಸ ಮಾಡಿ ರಾತ್ರಿ ಬಂದು ಕೂರುತ್ತಾರೆ.

ನಾನು ಮೊದಲ ಸಲ ಬೋರ್ಡ್ ಮೀಟಿಂಗ್‌ಗೆ ಹೋದಾಗ ಕೊನೆಯ ಸಾಲಿನಲ್ಲಿ ಕೋಟು ಬಿಚ್ಚದೆ ಕೂತಿದ್ದೆ. ಒಬ್ಬ ಮುದುಕರು ಎದ್ದು ಮೈಕ್ ಹತ್ತಿರ ಬಂದರು, ಕೈಯಲ್ಲಿ ಕೋಲು. ತನ್ನ ಮಕ್ಕಳು ಈ ಶಾಲೆ ಬಿಟ್ಟು ಮೂವತ್ತು ವರ್ಷ ಆಯಿತು ಅಂದರು. ಆಮೇಲೆ ಜಿಮ್‌ನ ಚಾವಣಿ ರಿಪೇರಿಯ ಬಗ್ಗೆ ಕೇಳಿದರು. ಯಾವ ಮೂಲೆ ಸೋರುತ್ತದೆ, ಹೋದ ಸಲ ಎಷ್ಟು ಖರ್ಚಾಯಿತು, ಎಲ್ಲ ಅವರ ಬಾಯಲ್ಲಿತ್ತು. ನನ್ನ ಮಗ ಅದೇ ಜಿಮ್‌ನಲ್ಲಿ ವಾರಕ್ಕೆ ಐದು ದಿನ ಆಡುತ್ತಿದ್ದ. ಅದು ಸೋರುತ್ತದೆ ಅಂತ ನನಗೆ ಗೊತ್ತೇ ಇರಲಿಲ್ಲ.

ಆರು ತಿಂಗಳ ಮೇಲೆ ನಾನೂ ಎದ್ದೆ. ಕ್ಲಬ್, ಆಟ ಅಂತ ಉಳಿಯುವ ಮಕ್ಕಳಿಗೆ ಲೇಟ್ ಬಸ್ ವಾರಕ್ಕೆ ಇನ್ನೊಂದು ದಿನ ಬಿಡಬಹುದಾ ಅಂತ ಕೇಳಲು. ಹೆಸರು, ಊರು ಹೇಳಬೇಕು, ಮೂರು ನಿಮಿಷ. ಎದುರಿಗೆ ಹಸಿರು ದೀಪ, ಹಳದಿ, ಆಮೇಲೆ ಕೆಂಪು. ಕಾಗದ ಎಷ್ಟು ನಡುಗುತ್ತಿತ್ತು ಅಂದರೆ ಅಕ್ಷರ ಕಾಣಲಿಲ್ಲ, ನೋಡದೆಯೇ ಹೇಳಿದೆ. ಮುಂದಿನ ತಿಂಗಳ ನಡಾವಳಿಯಲ್ಲಿ ನನ್ನ ಹೆಸರು, ನನ್ನ ಪ್ರಶ್ನೆ ಎರಡೂ ಅಚ್ಚಾಗಿದ್ದವು. ಆ ಕಾಗದ ಇನ್ನೂ ಇಟ್ಟುಕೊಂಡಿದ್ದೇನೆ.

ತಂಗಿ, ಎಚ್-4ನವರಿಗೆ ಓಟಿಲ್ಲ. ಆದರೆ ಮಾತಾಡುವ ಹಕ್ಕಿದೆ. ಮೀಟಿಂಗ್ ಬಾಗಿಲು ಎಲ್ಲರಿಗೂ ತೆರೆದಿರಬೇಕು, ಜನರ ಮಾತಿಗೆ ಸಮಯ ಇಡಬೇಕು ಅಂತ ರಾಜ್ಯದ ಕಾನೂನೇ ಇದೆ, 1975ರದ್ದು. ಪಾಸ್‌ಪೋರ್ಟ್ ಕೇಳುವುದಿಲ್ಲ.

ಕಣಿವೆಯ ಕನ್ನಡಿಗ (ಕ್ಯುಪರ್ಟಿನೊ)

ಓಟಿನ ಮಾತು ಬಂದಿದ್ದಕ್ಕೆ ಒಂದು ಸೇರಿಸುತ್ತೇನೆ. ನಮ್ಮ ಹತ್ತಿರದ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ 2016ರಲ್ಲಿ ಮತದಾರರು ಒಪ್ಪಿದರು, 2018ರಿಂದ ಪೌರತ್ವ ಇಲ್ಲದ ತಂದೆತಾಯಿಯರೂ ಸ್ಕೂಲ್ ಬೋರ್ಡ್‌ಗೆ ಓಟು ಹಾಕಬಹುದು. ಆದರೆ ಅದು ಆ ಊರಿನ ನಿಯಮ. ಬೇರೆ ಕಡೆ ಲೈಸೆನ್ಸ್ ಆಫೀಸಿನಲ್ಲಿ ಯಾರಾದರೂ ಮತದಾರರ ಪಟ್ಟಿಯ ಫಾರ್ಮ್ ಮುಂದಿಟ್ಟರೆ ಪೌರತ್ವ ಬರುವ ತನಕ ಸಹಿ ಹಾಕಬೇಡಿ. ಮುಂದೆ ಗ್ರೀನ್ ಕಾರ್ಡ್‌ಗೆ ದೊಡ್ಡ ತೊಂದರೆ ಆಗುತ್ತದೆ.

ಮೆಲೋಫೋನ್ (ಹಳೆಯ ವಿದ್ಯಾರ್ಥಿನಿ)

ನಮ್ಮ ರಾಜ್ಯದ ನ್ಯೂವಾರ್ಕ್‌ನಲ್ಲಿ 2025ರಿಂದ 16 ವರ್ಷದ ಮಕ್ಕಳೇ ಸ್ಕೂಲ್ ಬೋರ್ಡ್‌ಗೆ ಓಟು ಹಾಕುತ್ತಿದ್ದಾರೆ! ನಾನು ಓದುವಾಗ ಇದ್ದಿದ್ದರೆ ಬ್ಯಾಂಡ್‌ನವರೆಲ್ಲ ಯೂನಿಫಾರ್ಮ್‌ನಲ್ಲೇ ಹೋಗುತ್ತಿದ್ದೆವು.

ಲೆಕ್ಕದ ಅಪ್ಪ (ಪ್ಲೇನ್ಸ್‌ಬರೊ)

ಎಚ್-4 ಮಕ್ಕಳ ಬಗ್ಗೆ ಆಗ ಹೆದರಿಕೆ ಹುಟ್ಟಿಸುವ ಹಾಗೆ ಬರೆದೆ, ಪೂರ್ತಿ ಹೇಳಲಿಲ್ಲ. 2022ರ ಜನವರಿಯಲ್ಲಿ ನ್ಯೂಜೆರ್ಸಿಯಲ್ಲಿ ಒಂದು ಕಾನೂನು ಬಂತು. ಎಚ್-4 ಮಗು ಈ ರಾಜ್ಯದ ಹೈಸ್ಕೂಲಿನಲ್ಲಿ ಮೂರು ವರ್ಷ ಓದಿ ಪಾಸಾದರೆ ಸರ್ಕಾರಿ ಕಾಲೇಜಿನಲ್ಲಿ ಇಲ್ಲಿನವರ ಫೀಸಿನಲ್ಲೇ ಓದಬಹುದು. ನಿಮ್ಮ ಮಗಳು ಒಂಬತ್ತರಿಂದಲೇ ಸೇರುತ್ತಿದ್ದಾಳೆ, ಅದು ಅವಳಿಗೆ ಅನುಕೂಲ. ಶಾಲೆಯ ದಾಖಲೆ ಒಂದೊಂದನ್ನೂ ಜೋಪಾನ ಮಾಡಿ.

ಗಣಿತಕ್ಕೆ ಸಹಾಯ ಬೇಕಾದರೆ ಭಾನುವಾರ ಹತ್ತಕ್ಕೆ ನಮ್ಮ ಮನೆಗೆ ಕಳಿಸಿ. ಮೂರು ಮಕ್ಕಳು ಬರುತ್ತಾರೆ. ದುಡ್ಡಿನ ಮಾತು ಬೇಡ. ಪರೀಕ್ಷೆ ಬಗ್ಗೆ ನನ್ನ ಅಭಿಪ್ರಾಯ ಬದಲಾಗಿಲ್ಲ. ಹತ್ತು ವರ್ಷದ ಹಿಂದೆ ನಾನು ಅದನ್ನು ಬೋರ್ಡ್ ಮುಂದೆ ಹೋಗಿ ಹೇಳಲಿಲ್ಲ, ವಾಟ್ಸಾಪ್‌ನಲ್ಲಿ ಬರೆದೆ. ಅಕ್ಕನ ಮಾತು ಓದಿದ ಮೇಲೆ ಅದು ಚುಚ್ಚುತ್ತಿದೆ.

ಬೆಣ್ಣೆದೋಸೆ ಊರಿನವಳು (ಪ್ಲೇನ್ಸ್‌ಬರೊ)

ಮತ್ತೆ ಬರೆಯುತ್ತಿದ್ದೇನೆ, ಸೆಪ್ಟೆಂಬರ್ ಮುಗಿಯುತ್ತಾ ಬಂತು. ನಿನ್ನೆ ಬ್ಯಾಕ್ ಟು ಸ್ಕೂಲ್ ನೈಟ್‌ಗೆ ಹೋಗಿದ್ದೆವು. ಹೊಸಬರಿಗೆ ಗೊತ್ತಿರಲಿ ಅಂತ ಹೇಳುತ್ತೇನೆ. ಆ ರಾತ್ರಿ ಮಗಳ ವೇಳಾಪಟ್ಟಿಯನ್ನು ತಂದೆತಾಯಿ ಕೈಯಲ್ಲಿ ಹಿಡಿದು ಅವಳ ಹಾಗೇ ಕ್ಲಾಸಿಂದ ಕ್ಲಾಸಿಗೆ ಹೋಗಬೇಕು. ಒಂದೊಂದು ಕ್ಲಾಸ್ ಹತ್ತು ನಿಮಿಷ, ಆಮೇಲೆ ನಿಜವಾಗಿ ಗಂಟೆ ಹೊಡೆಯುತ್ತಾರೆ. ಎರಡು ಸಲ ದಾರಿ ತಪ್ಪಿದೆವು. ಜಿಮ್ ಹತ್ತಿರ ನಿಂತಿದ್ದ ಒಬ್ಬ ಹುಡುಗ ಬಯಾಲಜಿ ರೂಮಿನವರೆಗೂ ಜೊತೆಗೇ ಬಂದ. ಇವಳು ದಿನಾ ಇಷ್ಟು ದೂರ ನಾಲ್ಕು ನಿಮಿಷದಲ್ಲಿ ನಡೆಯುತ್ತಾಳಾ ಅಂತ ಯಜಮಾನರು ಕೇಳುತ್ತಲೇ ಇದ್ದರು.

ಇಂಗ್ಲಿಷ್ ಕ್ಲಾಸಿನ ಗೋಡೆ ತುಂಬಾ ಚಿಕ್ಕ ಚಿಕ್ಕ ಕಾರ್ಡುಗಳು. ಈ ಕ್ಲಾಸಿನಲ್ಲಿ ಯಾರಿಗೂ ಗೊತ್ತಿಲ್ಲದ ಒಂದು ಪದ ಬರೀರಿ ಅಂತ ಟೀಚರ್ ಹೇಳಿದ್ದರಂತೆ. ಎರಡನೇ ಸಾಲಿನಲ್ಲಿ ಮಗಳ ಕೈಬರಹ. ಮೇಲೆ ಇಂಗ್ಲಿಷಿನಲ್ಲಿ, ಕೆಳಗೆ ಕನ್ನಡದಲ್ಲಿ, ಖೋ. ಪಕ್ಕದಲ್ಲಿ ಕೂತವಳ ಬೆನ್ನು ಮುಟ್ಟಿ ಎಬ್ಬಿಸುವ ಪದ ಅಂತ ಅರ್ಥ ಬರೆದಿದ್ದಳು. ಯಜಮಾನರು ಅವಳ ಕುರ್ಚಿಯಲ್ಲಿ ಕೂತು, ಗಂಟೆ ಹೊಡೆದರೂ ಏಳಲಿಲ್ಲ.

ಕ್ರಾಸ್ ಕಂಟ್ರಿ ತಂಡದಲ್ಲಿ ಇವಳು ಹಿಂದಿನಿಂದ ಮೂರನೆಯವಳು. ಖೋ-ಖೋದಲ್ಲಿ ಒಂಬತ್ತು ನಿಮಿಷದ ಓಟ, ಇದು ಅರ್ಧ ಗಂಟೆ, ಉಸಿರು ಹಿಡಿಯುವುದು ಇನ್ನೂ ಬಂದಿಲ್ಲ. ಆದರೆ ರಾತ್ರಿ ಒಂಬತ್ತಕ್ಕೇ ನಿದ್ದೆ ಬಂದಿರುತ್ತದೆ. ಊರಿನ ಗೆಳತಿಯರ ಜೊತೆ ಮಾತು ಭಾನುವಾರಕ್ಕೆ ಹೋಗಿದೆ.

ಶನಿವಾರ ಹೋಮ್‌ಡೆಲ್ ಪಾರ್ಕ್‌ನಲ್ಲಿ ಓಟ. ಮಕ್ಕಳಿಗೆ ಬಸ್ ಇದೆ. ಪೋಷಕರಲ್ಲಿ ಒಬ್ಬರು ಕಿತ್ತಳೆ ಹೆಚ್ಚಿಕೊಂಡು ಬರಬೇಕು ಅಂದರು, ನಾನು ಕೈ ಎತ್ತಿಬಿಟ್ಟೆ. ಮನೆಗೆ ಬಂದ ಮೇಲೆ ನೆನಪಾಯಿತು, ಯಜಮಾನರಿಗೆ ಶನಿವಾರ ಆಫೀಸಿನ ಕೆಲಸ ಇದೆ, ನನಗೆ ಇನ್ನೂ ಲೈಸೆನ್ಸ್ ಆಗಿಲ್ಲ. ಆ ಕಡೆ ಯಾರಾದರೂ ಹೋಗುವವರಿದ್ದೀರಾ?

ಜಂಕ್ಷನ್ ಅಕ್ಕ (ವೆಸ್ಟ್ ವಿಂಡ್ಸರ್)

ಆರೂವರೆಗೆ ನಿಮ್ಮ ಕಟ್ಟಡದ ಕೆಳಗೆ ಇರುತ್ತೇನೆ. ಅಲ್ಲಿ ಬೌಲ್ ಅಂತ ಒಂದು ಕಡಿದಾದ ಇಳಿಜಾರು, ಏರು ಇದೆ. ಮಕ್ಕಳಿಗೆ ಉಸಿರು ಕಟ್ಟುವುದು ಅಲ್ಲೇ, ನಾವೂ ಅಲ್ಲೇ ನಿಲ್ಲೋಣ. ಸ್ವೆಟರ್ ತಗೋ.

ಲೆಕ್ಕದ ಅಪ್ಪ (ಪ್ಲೇನ್ಸ್‌ಬರೊ)

ಕಾರಲ್ಲಿ ಇನ್ನೊಂದು ಜಾಗ ಇದ್ದರೆ ಹೇಳಿ ಅಕ್ಕಾ. ಕಿತ್ತಳೆ ನಾನು ತರುತ್ತೇನೆ.